ಬರ್ಕಾಕ್ಕೆ ಹೋದ ಮತ್ರಾ ಟೀಮು

ಕೊರಗಪ್ಪನ ಮುಖದಿಂದ ಶುರು ಮಾಡಿದರೆ ಕತೆ ಮುಂದೆ ಸಾಗುವುದಿಲ್ಲ. ನೆತ್ತಿಯಲ್ಲಿ ತೆಳ್ಳಗಾದ ಕೂದಲು, ಬಣ್ಣ ಹಚ್ಚಿದ ಮೀಸೆ, ಅಂಗಿಯ ಜೇಬಿನಲ್ಲಿ ಎರಡು ಪೆನ್ನು. ಅಂಥ ಮುಖ ಒಮಾನಿನ ಬರ್ಕಾದ ಯಾವ ಸೂಪರ್‌ಮಾರ್ಕೆಟ್ಟಿನ ಸಾಲಿನಲ್ಲಿ ನಿಂತರೂ ಹಿಂದೆ ಎರಡು, ಮುಂದೆ ಎರಡು ಸಿಗುತ್ತವೆ. ಅವನ ಕತೆಯನ್ನು ಬೆರಳುಗಳಿಂದಲೇ ಶುರು ಮಾಡಬೇಕು. ಹತ್ತೂ ಬೆರಳು ಉದ್ದ, ತುದಿ ಚಪ್ಪಟೆ, ಎಡಗೈಯ ಕಿರುಬೆರಳು ಯಾವತ್ತೋ ಮುರಿದು ಸೊಟ್ಟಗೇ ಕೂಡಿಕೊಂಡದ್ದು. ಆ ಬೆರಳುಗಳ ಮೇಲೆ ವಾಲಿಬಾಲ್ ಬಂದಿಳಿದರೆ ಹತ್ತಿಯ ಮೇಲೆ ಹತ್ತಿ ಬಿದ್ದಷ್ಟೂ ಸದ್ದಾಗುತ್ತಿರಲಿಲ್ಲವಂತೆ. ಇದು ನೋಡಿದವರು ಹೇಳಿದ ಮಾತು. ನೋಡದವರಿಗೆ ಅದನ್ನು ನಂಬಿಸಲಿಕ್ಕೇ ಅವನು ಅರ್ಧ ಆಯುಷ್ಯ ಕಳೆದ.

ಹಳೆಯಂಗಡಿಯ ಹುಡುಗ. ಅಲ್ಲಿಯ ಗದ್ದೆ ಕೊಯ್ಲಾದ ಮೇಲೆ ಎರಡು ಕಂಬ ನೆಟ್ಟು ಬಲೆ ಕಟ್ಟಿದರೆ ಊರಿನ ಗಂಡಸರೆಲ್ಲ ಆಟಗಾರರೇ. ಎಲ್ಲರಿಗೂ ಹಾರಿ ಹೊಡೆಯುವ ಆಸೆ. ಹೊಡೆಯುವವನ ಕೈಗೆ ಸರಿಯಾಗಿ ಚೆಂಡನ್ನು ಎತ್ತಿ ಕೊಡುವವನಿಗೆ ನಮ್ಮ ಕಡೆ ಲಿಫ್ಟರ್ ಎನ್ನುತ್ತಾರೆ, ಆ ಕೆಲಸ ಯಾರಿಗೂ ಬೇಡ. ಚಪ್ಪಾಳೆಯೆಲ್ಲ ಹೊಡೆದವನಿಗೆ ಹೋಗುತ್ತದಲ್ಲ. ಕೊರಗಪ್ಪ ಕುಳ್ಳಗಿದ್ದ, ಹಾಗಾಗಿ ಲಿಫ್ಟರ್ ಆದ. ಒಂದು ಸಲ ಮೂಲ್ಕಿಯ ಪಂದ್ಯಾಟದಲ್ಲಿ ಅವನ ಆಟವನ್ನು ರಜೆಯಲ್ಲಿ ಬಂದಿದ್ದ ಒಬ್ಬ ಗಲ್ಫ್ ಮನುಷ್ಯ ನೋಡಿದ. ಮಸ್ಕತ್‌ನ ಹಳೆ ಬಂದರು ಮತ್ರಾದಲ್ಲಿ ತಲೆಮಾರುಗಳಿಂದ ಅಕ್ಕಿ ಬೇಳೆ ವ್ಯಾಪಾರ ಮಾಡುವ ಕಚ್ಛೀ ಶೇಟ್ ಒಬ್ಬರ ಮ್ಯಾನೇಜರ್ ಅವನು. ಶೇಟ್‌ಗೆ ವಾಲಿಬಾಲ್ ಹುಚ್ಚು. ಮೂರು ತಿಂಗಳಲ್ಲಿ ವೀಸಾ ಬಂತು, ಗೋದಾಮಿನ ಹೆಲ್ಪರ್ ಎಂದು. ಊರಿನ ಬೇರೆಯವರಿಗೆ ಬಡಗಿ ಕೆಲಸ ಗೊತ್ತಿದೆ, ವೆಲ್ಡಿಂಗ್ ಗೊತ್ತಿದೆ ಎಂದು ವೀಸಾ ಬಂದರೆ ಕೊರಗಪ್ಪನಿಗೆ ಚೆಂಡು ಎತ್ತಲು ಗೊತ್ತಿದೆ ಎಂದು ಬಂತು. ಅದು ತೊಂಬತ್ತೆಂಟನೇ ಇಸವಿ, ಅವನಿಗೆ ಇಪ್ಪತ್ತನಾಲ್ಕು.

ಬೆಳಿಗ್ಗೆ ಮೂಟೆ, ಇಳಿಹೊತ್ತಿನ ಅಸರ್ ಬಾಂಗಿಗೆ ಚೆಂಡು. ಶೇಟ್‌ನ ಟೀಮಿನ ಹೆಸರು ಮತ್ರಾ ಸ್ಟಾರ್. ಆಡುವವರೆಲ್ಲ ಗೋದಾಮಿನವರು, ಪಂದ್ಯವಿದ್ದ ದಿನ ಸಂಬಳದ ಮೇಲೆ ಭತ್ಯೆ. ಆಟಕ್ಕೇ ಜನ ಇಟ್ಟು ಸಾಕುವ ಟೀಮು ನಮ್ಮವರಲ್ಲಿ ಬೇರೆ ಇರಲಿಲ್ಲ. ಸೂಕ್ ಎನ್ನುವ ಹಳೆ ಪೇಟೆಯ ಹಿಂದೆ, ಬೋಳು ಗುಡ್ಡಗಳ ನಡುವೆ, ವಾದಿ ಎನ್ನುವ ಒಣ ಹಳ್ಳದ ಮರಳಿನಲ್ಲಿ ಅವರ ಅಂಗಳ. ಯಾವಾಗಲಾದರೂ ಒಂದು ಮಳೆ ಬಂದರೆ ಹಳ್ಳ ಉಕ್ಕಿ ಕಂಬಗಳು ಸಮುದ್ರದ ಕಡೆ ನಡೆಯುತ್ತಿದ್ದವು. ಮರುದಿನ ಕಾರ್ನಿಶ್‌ನ ಸಮುದ್ರದಂಡೆಯಲ್ಲಿ ಅವುಗಳನ್ನು ಹುಡುಕುವುದು ಕೂಡ ಲಿಫ್ಟರ್‌ನ ಕೆಲಸ.

ಆ ಟೀಮಿನ ಹೊಡೆತಗಾರ ಉಳ್ಳಾಲದ ಬ್ಯಾರಿ, ಮಮ್ಮದ್. ಆರಡಿ ಎರಡಂಗುಲ. ನೆಲದಲ್ಲಿ ನಿಂತಾಗ ಅವನಷ್ಟು ಸೋಮಾರಿ ಇಲ್ಲ, ನೆಲ ಬಿಟ್ಟ ಮೇಲೆ ಅವನಷ್ಟು ಚುರುಕು ಇಲ್ಲ. ಕೊರಗಪ್ಪ ಎತ್ತುವುದು, ಮಮ್ಮದ್ ಹೊಡೆಯುವುದು. ಹದಿನಾಲ್ಕು ವರ್ಷ ಇವರಿಬ್ಬರ ನಡುವೆ ಅಂಗಳದಲ್ಲಿ ಮಾತೇ ಬೇಕಾಗಲಿಲ್ಲ. ಅಂಗಳದ ಹೊರಗೆ ಮಾತು ನಿಲ್ಲುತ್ತಿರಲಿಲ್ಲ. ಮಮ್ಮದನ ಹೆಂಡತಿ ಸಾರಮ್ಮ ಮತ್ರಾದ ಗಲ್ಲಿಯೊಂದರ ಮಾಳಿಗೆಯಲ್ಲಿ ಒಂಟಿ ಗಂಡಸರಿಗೆ ಊಟ ಕಟ್ಟಿ ಕೊಡುತ್ತಿದ್ದಳು. ಪಂದ್ಯ ಗೆದ್ದ ದಿನ ಟೀಮಿಗೆ ಅಕ್ಕಿರೊಟ್ಟಿಯಂಥ ಪತ್ತಿರ್ ಮತ್ತು ಕೋಳಿ ಸಾರು. ಸೋತ ದಿನ ಬರೇ ಪತ್ತಿರ್.

ಚಳಿಗಾಲದಲ್ಲಿ ಅಲ್ಲಿದ್ದ ನಮ್ಮ ಕರಾವಳಿಯವರದ್ದೇ ದೊಡ್ಡ ಪಂದ್ಯಾಟ ನಡೆಯುತ್ತಿತ್ತು. ಅದರ ಬಹುಮಾನದ ಕಪ್ಪು ಸೊಂಟದೆತ್ತರ, ಎರಡು ಹಿಡಿಗಳು ಆನೆಯ ಕಿವಿಗಳ ಹಾಗೆ. ಗೆದ್ದವರ ಟೀಮಿನ ಹೆಸರನ್ನು ಹಿತ್ತಾಳೆಯ ತಗಡಿನಲ್ಲಿ ಕೊರೆದು ಬುಡಕ್ಕೆ ಹೊಡೆಯುತ್ತಿದ್ದರು. ಸತತ ಮೂರು ವರ್ಷ ಗೆದ್ದವರಿಗೆ ಕಪ್ಪು ಶಾಶ್ವತ, ಇದು ನಿಯಮ. ಎರಡು ಸಾವಿರದ ಹನ್ನೆರಡರಲ್ಲಿ ಮತ್ರಾ ಸ್ಟಾರ್ ಗೆದ್ದಿತು. ಹದಿಮೂರರಲ್ಲಿ ಮತ್ತೆ ಗೆದ್ದಿತು. ಎರಡು ಸಲವೂ ಫೈನಲ್‌ನಲ್ಲಿ ಸೋತದ್ದು ರುವಿ ಬ್ರದರ್ಸ್, ಅದರ ಕ್ಯಾಪ್ಟನ್ ಜಲಾಲ್. ಹದಿಮೂರರ ಫೈನಲ್ ಮುಗಿದ ಮೇಲೆ ಜಲಾಲ್ ಕೊರಗಪ್ಪನ ಕೈ ಹಿಡಿದು, “ಈ ಬೆರಳು ಊರಲ್ಲಿಟ್ಟು ಬಾ ಮಾರಾಯ, ಮುಂದಿನ ಸಲ ನಾವೂ ಸ್ವಲ್ಪ ಆಡ್ತೇವೆ,” ಎಂದಿದ್ದ.

ಮುಂದಿನ ಸಲಕ್ಕೆ ಬೆರಳು ಇದ್ದಲ್ಲೇ ಇತ್ತು, ಟೀಮೇ ಜಾಗ ಬಿಟ್ಟಿತು. ಸರಕಿನ ಹಡಗುಗಳು ಮತ್ರಾ ಬಿಟ್ಟು ಸೊಹಾರ್ ಬಂದರಿಗೆ ಹೋಗುತ್ತವೆಂದು ಆಯಿತು. ಹಡಗು ಬರದ ಊರಲ್ಲಿ ಗೋದಾಮು ಇಟ್ಟು ಏನು ಮಾಡುವುದು? ಶೇಟ್ ಗೋದಾಮನ್ನು ಸೊಹಾರ್ ದಾರಿಯ ಬರ್ಕಾಕ್ಕೆ ಎತ್ತಿದರು, ಅಕ್ಕಿಯ ಜೊತೆ ಬೇಳೆ, ಬೇಳೆಯ ಜೊತೆ ಟೀಮು. ಹೆಸರು ಬರ್ಕಾ ಸ್ಟಾರ್ ಆಯಿತು. ಹತ್ತಾರು ವರ್ಷ ಗುಡ್ಡದ ಕಲ್ಲಿನ ಮೇಲೆ ಕೂತು ಕೂಗಿದ್ದ ಮತ್ರಾದವರಿಗೆ ಸಿಟ್ಟು ಬಂತು. ಮೀನು ಮಾರ್ಕೆಟ್ಟಿನ ಬದಿಯ ಚಾದಂಗಡಿಯವನು ಗೋಡೆಯಲ್ಲಿದ್ದ ಟೀಮಿನ ಫೋಟೋವನ್ನು ತೆಗೆದು ಮಗುಚಿ ಇಟ್ಟ. ಮಮ್ಮದ್, “ನಾನು ಬರುದಿಲ್ಲ. ಸಾರಮ್ಮನ ಒಲೆ ಇಲ್ಲುಂಟು,” ಎಂದು ಶೇಟ್‌ನ ಕೆಲಸ ಬಿಟ್ಟು ಸೂಕಿನ ಲೋಬಾನದ ಅಂಗಡಿಯೊಂದಕ್ಕೆ ಸೇರಿದ. ಪಂದ್ಯ ಇದ್ದ ದಿನ ಮಾತ್ರ ಬಂದು ಆಡುವುದೆಂದಾಯಿತು. ಇನ್ನಿಬ್ಬರು ಊರಿಗೆ ಹೋದರು. ಅವರ ಜಾಗಕ್ಕೆ ಬಂದ ಹೊಸಬರು ಚೆಂಡನ್ನು ಬಿಸಿ ಪಾತ್ರೆ ಹಿಡಿದ ಹಾಗೆ ಹಿಡಿಯುತ್ತಿದ್ದರು.

ಅದರ ಮೇಲೆ ಶೇಟ್ ಒಂದು ಮಾತು ಹೇಳಿಬಿಟ್ಟರು: ಈ ವರ್ಷ ಮೊದಲ ಸುತ್ತಿನಲ್ಲೇ ಸೋತು ಬಂದರೆ ಟೀಮು ಖಲಾಸ್.

ಈಗ ಕೊರಗಪ್ಪ ಮಾಡಿದ ಕೆಲಸ ಕೇಳಿ. ಪಂದ್ಯಾಟದ ಅರ್ಜಿ ತುಂಬಿಸುವವನು ಅವನೇ. ಹಿಂದಿನ ವರ್ಷ ಗೆದ್ದವರೂ ಗಟ್ಟಿ ಟೀಮುಗಳೂ ಒಂದು ಗುಂಪು, ಹೊಸ ಟೀಮುಗಳು ಇನ್ನೊಂದು ಗುಂಪು. ಅರ್ಜಿಯಲ್ಲಿ ಹಳೆ ಟೀಮು, ಹೊಸ ಟೀಮು ಎಂದು ಎರಡು ಚೌಕ. ಹೆಸರು ಹೊಸತು, ಊರು ಹೊಸತು, ಅಂಗಳ ಹೊಸತು. ಕೊರಗಪ್ಪ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತ. ಆಮೇಲೆ ಹೊಸ ಟೀಮಿನ ಚೌಕಕ್ಕೆ ಗೀಟು ಹಾಕಿದ.

ಹಾಗಾಗಿ ಸುಲಭದ ಗುಂಪು ಸಿಕ್ಕಿತು. ಮೀಸೆ ಮೂಡದ ಕಾಲೇಜು ಹುಡುಗರನ್ನು, ಬರೇ ಶೂ ಚೆಂದ ಇದ್ದ ಬ್ಯಾಂಕಿನವರನ್ನು ಸೋಲಿಸುತ್ತ ಸೋಲಿಸುತ್ತ ಹೊಸಬರ ಕೈ ಕುದುರಿತು. ಫೈನಲ್‌ನಲ್ಲಿ ಮತ್ತೆ ಜಲಾಲ್. ಮತ್ತೆ ಜಲಾಲನೇ ಸೋತ. ಮೂರನೇ ವರ್ಷ! ಕಪ್ಪನ್ನು ಶಾಶ್ವತವಾಗಿ ಒಯ್ಯಲು ಮಮ್ಮದ್ ಲೋಬಾನದ ಅಂಗಡಿಯ ಪಿಕಪ್ ತಂದಿದ್ದ. ಆಗ ಕಮಿಟಿಯವರು ಅರ್ಜಿ ತೆಗೆದು ನೋಡಿ, ಇದು ಹೊಸ ಟೀಮು, ಇವರದ್ದು ಮೊದಲನೇ ಗೆಲುವು ಎಂದರು. ಪಿಕಪ್ ಖಾಲಿ ಹೋಯಿತು.

“ಎಂತಾಯ್ತು ಕೊರಗಪ್ಪಣ್ಣ?” ಎಂದು ಮಮ್ಮದ್ ಕೇಳಿದಾಗ ಕೊರಗಪ್ಪನ ಬಾಯಿಂದ ಬಂದದ್ದು, “ಕಮಿಟಿಯವರು ಎಂತದೋ ತಪ್ಪು ಮಾಡಿದ್ದಾರೆ.”

ಅಷ್ಟೇ. ನಾಲ್ಕು ಶಬ್ದ. ಮಮ್ಮದ್ ಅದನ್ನು ಹತ್ತು ವರ್ಷ ಹಿಡಿದುಕೊಂಡ. ಕಮಿಟಿಯವರ ಮನೆಯ ಮದುವೆಗೆ ಹೋಗಲಿಲ್ಲ, ಇಫ್ತಾರಿಗೆ ಹೋಗಲಿಲ್ಲ. ಜಲಾಲ್ ಕಮಿಟಿಯ ಅಧ್ಯಕ್ಷನಾದ ಮೇಲಂತೂ ಸೂಕಿನಲ್ಲಿ ಎದುರು ಸಿಕ್ಕರೆ ಗಲ್ಲಿ ಬದಲಿಸುತ್ತಿದ್ದ. ಎರಡು ಸಾವಿರದ ಹದಿನೇಳರಲ್ಲಿ ಶೇಟ್‌ನ ಮಗ ಟೀಮು ನಿಲ್ಲಿಸಿದ, ಎರಡು ವರ್ಷದಲ್ಲಿ ಪಂದ್ಯಾಟವೇ ನಿಂತಿತು. ಆಡಿದವರು ಒಬ್ಬೊಬ್ಬರು ಒಂದೊಂದು ಕಡೆ ಹಂಚಿಹೋದರು. ಕೊರಗಪ್ಪ ಬರ್ಕಾದಲ್ಲಿ ಅದೇ ಗೋದಾಮಿನ ಸೂಪರ್‌ವೈಸರ್ ಆಗಿ, ಪೆನ್ನು ಎರಡಾಗಿ, ಹೊಟ್ಟೆ ಒಂದೂವರೆಯಾಗಿ ಉಳಿದ.

ಈ ಜನವರಿಯ ಒಂದು ಮಂಗಳವಾರ ಅವನಿಗೆ ಫೋನ್ ಬಂತು.

“ಕೊರಗಪ್ಪ ಅಂಕಲ್ ಅಲ್ವಾ? ನಾನು ನಿಶ್ಮಿತಾ. ಪಂದ್ಯಾಟದ ಕಮಿಟಿಯ ಸೆಕ್ರೆಟರಿ.” ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಶಾಲೆಯೊಂದರ ಟೀಚರ್ ಅವಳು, ಮಸ್ಕತ್‌ನಲ್ಲೇ ಬೆಳೆದವಳು. “ಅಂಕಲ್, ನಾವು ಕಮಿಟಿ ಕ್ಲೋಸ್ ಮಾಡ್ತಾ ಇದ್ದೇವೆ. ಆ ದೊಡ್ಡ ಕಪ್ ಇದೆ ಅಲ್ವಾ, ಅದನ್ನು ಬ್ಯಾಡ್ಮಿಂಟನ್‌ನವರು ಕೇಳ್ತಿದ್ದಾರೆ. ಕೆಳಗಿನ ಪ್ಲೇಟ್ಸ್ ಎಲ್ಲ ತೆಗೆದು ಅವರದ್ದು ಹಾಕ್ತಾರಂತೆ. ಕೊಡುವ ಮೊದಲು ಫೈಲ್ ನೋಡಿದೆ. ರೂಲ್ ಪ್ರಕಾರ ಕ್ಲೇಮ್ ಇರುವ ಟೀಮ್ ಅಂದ್ರೆ ನಿಮ್ಮದೊಂದೇ. ಮತ್ರಾದ ಎರಡು, ಬರ್ಕಾದ ಒಂದು. ಎರಡೂ ಒಂದೇ ಟೀಮ್ ಅಂತ ನೀವು ಪ್ರೂವ್ ಮಾಡಿದ್ರೆ ಕಪ್ ನಿಮ್ಮದು. ಶುಕ್ರವಾರ ಮೀಟಿಂಗ್.”

“ಒಂದೇ ಟೀಮು ಮಗಾ. ಅದರಲ್ಲಿ ಎಂತ ಸಂಶಯ?”

“ಫಾರ್ಮ್‌ನಲ್ಲಿ ನ್ಯೂ ಟೀಮ್ ಅಂತ ಟಿಕ್ ಇದೆ ಅಂಕಲ್. ಕೆಳಗೆ ನಿಮ್ಮದೇ ಸೈನ್.”

ಫೋನ್ ಇಟ್ಟ ಮೇಲೆ ಕೊರಗಪ್ಪ ಊಟಕ್ಕೆ ಕೂತು ಅನ್ನವನ್ನು ಕಲಸುತ್ತಲೇ ಇದ್ದ. ಹೆಂಡತಿ ಸ್ವರ್ಣಲತಾ ಕ್ಲಿನಿಕ್ಕೊಂದರ ರಿಸೆಪ್ಷನ್‌ನಲ್ಲಿ ಕೂರುವವಳು. ಎದುರು ಬಂದವರ ರೋಗವನ್ನು ಡಾಕ್ಟರಿಗಿಂತ ಮೊದಲು ಹಿಡಿಯುವುದು ಅವಳಿಗೆ ರೂಢಿ.

“ಆ ಅನ್ನ ಎಂತ ತಪ್ಪು ಮಾಡಿತು?” ಎಂದಳು.

ಅವನು ಎಲ್ಲ ಹೇಳಿದ. ಗೀಟು ಹಾಕಿದ್ದನ್ನೂ ಹೇಳಿದ. ಅದನ್ನು ಅವಳಿಗೆ ಹೇಳಿದ್ದು ಅದೇ ಮೊದಲು.

ಸ್ವರ್ಣಲತಾ ಸಾರು ಬಡಿಸುತ್ತಾ ಯೋಚಿಸಿದಳು. “ಹಾಗಾದ್ರೆ ಲೆಕ್ಕ ಸುಲಭ. ಒಂದೇ ಟೀಮು ಅಂದ್ರೆ ನೀವು ಅವತ್ತು ಸುಳ್ಳು ಬರ್ದದ್ದು. ಸುಳ್ಳು ಬರೀಲಿಲ್ಲ ಅಂದ್ರೆ ಕಪ್ಪು ಇಲ್ಲ.”

“ಮಮ್ಮದ್ ಹತ್ತು ವರ್ಷ ನನ್ನ ಮಾತು ನಂಬಿ ಅವರಿಗೆಲ್ಲ ಬೈದಿದ್ದಾನೆ ಮಾರಾಯ್ತಿ.”

“ಬೈದದ್ದು ಅವರು. ಹೇಳ್ಬೇಕಾದದ್ದು ನೀವು.”

ಹನ್ನೆರಡನೇ ತರಗತಿಯ ಮಗಳು ತೃಷಾ ಫೋನಿನಿಂದ ತಲೆ ಎತ್ತಿದಳು. “ಡ್ಯಾಡಿ, ಸೀರಿಯಸ್ಲಿ, ಒಂದು ಕಪ್‌ಗೆ ಇಷ್ಟೆಲ್ಲಾ?”

ಕೊರಗಪ್ಪ ಅವಳಿಗೆ ಉತ್ತರ ಹುಡುಕಿದ. “ಟೀಮು ಹೋಯ್ತು. ಗೋದಾಮು ಹೋಯ್ತು. ನಾವು ಆಡಿದ ಜಾಗದ ಅರ್ಧ ಪಾರ್ಕಿಂಗ್ ಆಯ್ತು. ನಾವು ಆರು ಜನ ಇದ್ದೆವು, ಆಡಿದೆವು, ಗೆದ್ದೆವು ಅಂತ ಹೇಳ್ಲಿಕ್ಕೆ ಉಳಿದದ್ದು ಆ ಮೂರು ತಗಡು ಮಾತ್ರ. ಅದನ್ನು ಕಿತ್ತು ಹಾಕಿದ್ರೆ ನಿನಗೆ ನಾನು ಹೇಳುದೆಲ್ಲ ಬರೇ ಬೊಗಳೆ.”

ತೃಷಾ ಅಪ್ಪನ ಬೆರಳುಗಳನ್ನು ನೋಡಿದಳು. ಅವಳು ಈವರೆಗೆ ಅವನು ಹೇಳಿದ್ದನ್ನು ಬೊಗಳೆಯೆಂದೇ ತಿಳಿದದ್ದು ನಿಜ.

ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಕೊರಗಪ್ಪ ಮತ್ರಾದಿಂದ ಮಮ್ಮದನನ್ನು ಹತ್ತಿಸಿಕೊಂಡ. ಹೋಗುವ ದಾರಿಯಲ್ಲೇ ಹೇಳಿಬಿಡಬೇಕೆಂದಿತ್ತು. ಮಮ್ಮದ್ ಬಾಯಿ ಬಿಡಲು ಬಿಡಲಿಲ್ಲ. “ಇವತ್ತು ಆ ಜಲಾಲನ ಮುಖ ನೋಡ್ಬೇಕು ನಂಗೆ. ಹತ್ತು ವರ್ಷ ಆಯ್ತು ಕೊರಗಪ್ಪಣ್ಣ, ತಪ್ಪು ಮಾಡಿದವರು ಅವರು, ಕಪ್ಪು ಇಟ್ಟುಕೊಂಡವರೂ ಅವರು. ಯಲ್ಲಾ, ಜೋರು ಬಿಡಿ.” ಕೊರಗಪ್ಪ ಜೋರಾಗಿಯೇ ಬಿಟ್ಟ. ರಸ್ತೆ ಬೇಗ ಮುಗಿದುಬಿಟ್ಟಿತು.

ನಿಶ್ಮಿತಾಳ ಮನೆಯ ಹಾಲ್‌ನಲ್ಲಿ ಮೀಟಿಂಗು. ಕಮಿಟಿಯ ನಾಲ್ಕು ಜನ, ಮೇಜಿನ ಮೇಲೆ ಫೈಲು, ಮೂಲೆಯಲ್ಲಿ ಕಪ್ಪು. ಆನೆಗಿವಿ ಸ್ವಲ್ಪ ಮಂಕಾಗಿತ್ತು. ಜಲಾಲ್ ಅಧ್ಯಕ್ಷನ ಕುರ್ಚಿಯಲ್ಲಿ ತುಂಬಿ ಕೂತಿದ್ದ.

“ಹೇಳು ಕೊರಗಪ್ಪ. ಹೆಸರು ಬೇರೆ, ಊರು ಬೇರೆ, ಅಂಗಳ ಬೇರೆ, ಇಬ್ಬರು ಆಟಗಾರರೂ ಬೇರೆ. ಮತ್ತೆ ಟೀಮು ಒಂದೇ ಆಗುದು ಹೇಗೆ?”

ಕೊರಗಪ್ಪ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ತೆಗೆದ. “ಜಲಾಲ್ ಭಾಯ್, ನಮ್ಮ ಕಡೆ ದೈವಗಳ ಕತೆ ನೀವೂ ಕೇಳಿದ್ದೀರಿ. ಘಟ್ಟದ ಮೇಲಿನ ದೈವ ಯಾರದ್ದೋ ಓಲೆಕೊಡೆಯ ನೆರಳಲ್ಲಿ ಕೂತು ಕೆಳಗೆ ಬರ್ತದೆ. ಬಂದ ಊರಲ್ಲಿ ಹೊಸ ಗುಡಿ ಕಟ್ತಾರೆ, ಹೊಸ ಹೆಸರು ಇಡ್ತಾರೆ. ಆದ್ರೆ ದೈವ ಅದೇ ಅಲ್ವಾ? ಮನೆ ಬಿಟ್ಟು ಮನೆಗೆ ಹೋದ್ರೆ ಅದು ಬೇರೆ ದೈವ ಅಂತ ಯಾರಾದ್ರೂ ಹೇಳ್ತಾರಾ?”

ಕಮಿಟಿಯ ಇಬ್ಬರು ತಲೆಯಾಡಿಸಿದರು. ಜಲಾಲ್ ಕಾಗದವನ್ನು ಮೇಜಿನ ಮೇಲೆ ತಿರುಗಿಸಿ ಮುಂದಕ್ಕೆ ತಳ್ಳಿದ.

“ಎಲ್ಲ ಸರಿ. ದೈವ ಫಾರ್ಮು ತುಂಬಿಸಿತ್ತಾ?”

ಹಾಲ್‌ನಲ್ಲಿ ನಗು ಎದ್ದಿತು. ಮಮ್ಮದ್ ಮಾತ್ರ ಎದ್ದು ನಿಂತ. “ನಗಬೇಡಿ. ಅದು ನಿಮ್ಮ ಕಮಿಟಿಯವರೇ ಹಾಕಿದ ಗೀಟು. ಕೊರಗಪ್ಪಣ್ಣ ಆವತ್ತೇ ಹೇಳಿದ್ದಾರೆ ನಂಗೆ. ಇವರು ಸುಳ್ಳು ಹೇಳುವ ಜನವಾ? ಹೇಳಿ ಕೊರಗಪ್ಪಣ್ಣ.”

ಎಲ್ಲರೂ ಅವನತ್ತ ನೋಡಿದರು. ಮೂಲೆಯಲ್ಲಿ ಕಪ್ಪು, ಪಕ್ಕದಲ್ಲಿ ಮಮ್ಮದ್. ಕೊರಗಪ್ಪ ಎರಡು ಕೈಯನ್ನೂ ಮೇಜಿನ ಮೇಲಿಟ್ಟ.

“ಗೀಟು ಹಾಕಿದ್ದು ನಾನು,” ಎಂದ. “ಒಂದೇ ಟೀಮು ಅಂತ ಗೊತ್ತಿದ್ದೇ ಹಾಕಿದೆ. ಸುಲಭದ ಗುಂಪು ಸಿಗಲಿ ಅಂತ. ಹೊಸಬರಿಗೆ ಆಟ ಬರ್ತಿರ್ಲಿಲ್ಲ, ಮೊದಲ ಸುತ್ತಲ್ಲಿ ಸೋತರೆ ಟೀಮು ಮುಚ್ಚುದಾಗಿ ಶೇಟ್ ಹೇಳಿದ್ರು. ಹೆದರಿಕೆ ಆಯ್ತು. ಕಮಿಟಿಯವರ ತಪ್ಪು ಎಂತದೂ ಇಲ್ಲ. ಮಮ್ಮದ್‌ಗೆ ನಾನು ಸುಳ್ಳು ಹೇಳಿದ್ದು.”

ಮಮ್ಮದ್ ನಿಂತಲ್ಲೇ ನಿಂತಿದ್ದ. ಆರಡಿ ಎರಡಂಗುಲದ ಮನುಷ್ಯ ಕೂರದೆ ಉಳಿದರೆ ಕೋಣೆ ಚಿಕ್ಕದಾಗುತ್ತದೆ.

“ಹತ್ತು ವರ್ಷ,” ಎಂದ ಕೊನೆಗೆ, ಜಲಾಲನ ಕಡೆ ಕೈ ತೋರಿಸಿ. “ಇವರ ಮಗಳ ಮದುವೆಗೆ ನಾನು ಹೋಗ್ಲಿಲ್ಲ. ಮಟನ್ ಬಿರಿಯಾನಿ ಇತ್ತಂತೆ. ಸಾರಮ್ಮ ಇವತ್ತಿಗೂ ಹೇಳ್ತಾಳೆ.”

“ಗೊತ್ತುಂಟು.”

“ಹೋದ ತಿಂಗಳು ಇವರನ್ನು ತಪ್ಪಿಸ್ಲಿಕ್ಕೆ ಹೋಗಿ ಹೆಂಗಸರ ಬಟ್ಟೆ ಅಂಗಡಿಗೆ ನುಗ್ಗಿದ್ದೇನೆ. ಇವರು ಹೋಗುವಷ್ಟು ಹೊತ್ತು ಅಬಾಯಾ ನೋಡಿದೆ. ಎರಡು ತೆಗೊಂಡೆ.”

ಜಲಾಲನ ಭುಜ ಕುಣಿಯತೊಡಗಿತು. ಅವನು ನಗು ತಡೆಯಲು ನೀರಿನ ಲೋಟ ಎತ್ತಿದ, ನೀರು ಫೈಲಿನ ಮೇಲೆ ಹೋಯಿತು. “ನಾನು ನೋಡಿದೆ ಬ್ಯಾರಿ. ಹೆಂಡತಿಗೆ ಎಷ್ಟು ಪ್ರೀತಿಯಿಂದ ಆರಿಸ್ತಾನೆ ಅಂತ ಮನೆಗೆ ಹೋಗಿ ಹೇಳಿದ್ದೇನೆ. ಅದರಿಂದ ನಂಗೂ ಒಂದು ಅಬಾಯಾ ಖರ್ಚಾಯ್ತು.”

ಮಮ್ಮದ್ ನಗಲಿಲ್ಲ. ಆದರೆ ಕೂತ, ಕೊರಗಪ್ಪನ ಪಕ್ಕದಲ್ಲೇ ಕೂತ. ಕೊರಗಪ್ಪನಿಗೆ ಅಷ್ಟು ಸಾಕಾಯಿತು.

ಜಲಾಲ್ ಒದ್ದೆ ಫೈಲನ್ನು ಒರೆಸುತ್ತಾ ಗಂಭೀರನಾದ. “ನೋಡಿ, ಫೈನಲ್‌ನಲ್ಲಿ ನಾನು ಮೂರು ಸಲ ಸೋತಿದ್ದೇನೆ. ಮೂರು ಸಲವೂ ಬಲೆಯ ಆ ಬದಿಯಿಂದ ಬಂದದ್ದು ಇದೇ ಬೆರಳಿನ ಚೆಂಡು. ಎರಡು ಟೀಮಿಗೆ ಸೋತೆ ಅಂತ ನೀವು ಬರೆದ್ರೆ ನನಗೆ ಅವಮಾನ. ಒಂದೇ ಟೀಮಿಗೆ ಸೋತದ್ದು ನಾನು. ಸೋತವನಿಗಿಂತ ಹೆಚ್ಚು ಅದು ಯಾರಿಗೆ ಗೊತ್ತಿರ್ತದೆ?” ಕೊರಗಪ್ಪನ ಎದೆ ಹಗುರಾಗುವಷ್ಟರಲ್ಲಿ ಅವನು ಬೆರಳೆತ್ತಿದ. “ಆದ್ರೆ. ಸರಿಯಾಗಿ ಬರ್ದಿದ್ರೆ ಆ ವರ್ಷ ಇವರು ನಮ್ಮ ಗುಂಪಿಗೆ ಬರ್ತಿದ್ರು. ಮೊದಲ ಸುತ್ತಲ್ಲೇ ನಮ್ಮ ಜೊತೆ ಆಡ್ತಿದ್ರು. ಆ ಪಂದ್ಯದಿಂದ ಇವನು ತಪ್ಪಿಸ್ಕೊಂಡ. ಅದನ್ನು ಈಗ ಆಡ್ಲಿ. ಬರುವ ಶುಕ್ರವಾರ, ಮತ್ರಾದ ವಾದಿಯಲ್ಲಿ, ಇಪ್ಪತ್ತೈದು ಪಾಯಿಂಟಿನ ಒಂದು ಸೆಟ್ಟು. ಎರಡೂ ಕಡೆ ಹಳಬರು ನಾಲ್ಕು ಜನ ಇರ್ಬೇಕು. ಇವರು ಗೆದ್ದರೆ ಕಪ್ಪು ಒಯ್ಲಿ. ಸೋತರೆ ಬ್ಯಾಡ್ಮಿಂಟನ್‌ನವರಿಗೆ.”

ಕಮಿಟಿ ಒಪ್ಪಿತು. ನಿಶ್ಮಿತಾ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡಳು.

ಆ ವಾರ ಬರ್ಕಾದ ಸಮುದ್ರದಂಡೆಯಲ್ಲಿ ನಡೆದದ್ದನ್ನು ಪ್ರಾಕ್ಟೀಸು ಎನ್ನಲು ಸಾಧ್ಯವಿಲ್ಲ. ಹಳಬರಲ್ಲಿ ಒಮಾನ್‌ನಲ್ಲಿ ಉಳಿದವರು ಸರಿಯಾಗಿ ನಾಲ್ಕೇ ಜನ. ಒಬ್ಬನಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬ ಕನ್ನಡಕ ತೆಗೆದರೆ ಬಲೆ ಕಾಣದವನು. ಮೊದಲ ಸಂಜೆ ಕೊರಗಪ್ಪ ಬಗ್ಗಿದವನು ಎದ್ದದ್ದು ಸ್ವರ್ಣಲತಾ ಕೈ ಕೊಟ್ಟ ಮೇಲೆ. ಗೋದಾಮಿನ ಇಬ್ಬರು ಹೊಸ ಹುಡುಗರನ್ನು ಸೇರಿಸಿಕೊಂಡು ಆರು ಮಾಡಿದರು. ಮಮ್ಮದ್ ದಿನಾ ಅಂಗಡಿ ಮುಗಿಸಿ ಬರುತ್ತಿದ್ದ, ಆಡುತ್ತಿದ್ದ, ಹೋಗುತ್ತಿದ್ದ. ಕೊರಗಪ್ಪನ ಜೊತೆ ಮಾತಿಲ್ಲ. ಗುರುವಾರ ಸಂಜೆ ಮಾತ್ರ ಹೋಗುವಾಗ ಹಿಂದೆ ತಿರುಗಿ, “ಚೆಂಡು ಅರ್ಧ ಅಡಿ ಕೆಳಗೆ ಕೊಡಿ. ನಾನು ಮೊದಲಿನಷ್ಟು ಹಾರುದಿಲ್ಲ,” ಎಂದ.

ಶುಕ್ರವಾರ ಅಸರ್ ಆದ ಮೇಲೆ ಮತ್ರಾದ ವಾದಿಗೆ ಬಂದು ನೋಡಿದರೆ ಗುಡ್ಡದ ಕಲ್ಲುಗಳ ಮೇಲೆ ಜನ. ಸಾರಮ್ಮ ಗಲ್ಲಿ ಗಲ್ಲಿಗೆ ಹೇಳಿ ಕಳಿಸಿದ್ದಳು. ಚಾದಂಗಡಿಯ ಮುದುಕ ಮಗುಚಿಟ್ಟಿದ್ದ ಫೋಟೋವನ್ನು ಧೂಳು ಒರೆಸಿ ಹಿಡಿದುಕೊಂಡೇ ಬಂದಿದ್ದ. ಪಾರ್ಕಿಂಗ್ ಆಗದೆ ಉಳಿದ ಮರಳಿನ ತುಂಡಿನಲ್ಲಿ ಬಲೆ ಕಟ್ಟಿತ್ತು. ಊರಿಗೆ ಹೋಗಿ ಮಲ್ಪೆಯಲ್ಲಿ ನೆಲೆಸಿದ ಹಳೆಯ ಆಟಗಾರ ಸೇಸಪ್ಪ ವಿಡಿಯೋ ಕಾಲ್‌ನಲ್ಲಿದ್ದ. ಅವನ ಫೋನನ್ನು ತೃಷಾ ಹಿಡಿದಿದ್ದಳು. ನಿಶ್ಮಿತಾ ಸ್ಟೂಲ್ ಹತ್ತಿ ಸೀಟಿ ಊದಿದಳು.

ಮೊದಲ ಐದು ಪಾಯಿಂಟು ರುವಿಯವರದ್ದು. ಕೊರಗಪ್ಪನ ಬೆರಳು ಚೆಂಡನ್ನು ಗುರುತಿಸಲಿಲ್ಲ, ಚೆಂಡು ಬೆರಳನ್ನು ಗುರುತಿಸಲಿಲ್ಲ. “ಸೂಪರ್‌ವೈಸರ್ರೇ, ಮೂಟೆ ಅಲ್ಲ ಅದು, ಚೆಂಡು,” ಎಂದು ಬಲೆಯ ಆಚೆಯಿಂದ ಜಲಾಲ್ ಕಿಚಾಯಿಸಿದ. ಸೇಸಪ್ಪ ಫೋನಿನೊಳಗಿಂದ, “ಎಡಗಡೆ ಕೊಡು, ಎಡಗಡೆ,” ಎಂದು ಒದರುತ್ತಿದ್ದ. ಅವನು ನೋಡುತ್ತಿದ್ದ ಆಟ ಐದು ಸೆಕೆಂಡು ಹಿಂದಿನದ್ದು.

ಆರನೆಯ ಚೆಂಡು ಎತ್ತರಕ್ಕೆ ಬಂತು. ಕೊರಗಪ್ಪ ಅದರ ಕೆಳಗೆ ಹೋಗಿ ನಿಂತ. ಕೈಗಳು ಯೋಚಿಸದೆ ಮೇಲೆ ಹೋದವು. ಚೆಂಡು ಸದ್ದಿಲ್ಲದೆ ಬಂದು ಸದ್ದಿಲ್ಲದೆ ಎದ್ದಿತು, ಮಮ್ಮದ್ ಕೇಳಿದ್ದ ಅರ್ಧ ಅಡಿ ಕೆಳಗೆ. ಮಮ್ಮದ್ ಹಾರಿದ. ಹಾರಿದನೆಂದರೆ ಎರಡು ಕಾಲಿನ ಕೆಳಗೆ ಒಂದು ಪೇಪರ್ ತೂರಿಸಬಹುದಿತ್ತು. ಆದರೆ ಹೊಡೆತ ಹಳೆಯದೇ. ಮರಳು ಚಿಮ್ಮಿತು, ಗುಡ್ಡದ ಮೇಲಿನವರು ಎದ್ದು ನಿಂತರು. ತೃಷಾ ಫೋನ್ ಹಿಡಿದಿದ್ದನ್ನು ಮರೆತು ಎರಡೂ ಕೈ ಎತ್ತಿದಳು. ಸೇಸಪ್ಪನಿಗೆ ಮತ್ರಾದ ಆಕಾಶ ಕಂಡಿತು.

ಅಲ್ಲಿಂದ ಆಟ ಆಟವಾಯಿತು. ಹತ್ತು ಹತ್ತು. ಹದಿನೆಂಟು ಹದಿನೇಳು. ಜಲಾಲ್ ಸರ್ವಿಸ್ ಹಾಕಲು ಹೋಗುವ ಮುಂಚೆ ಪ್ರತಿ ಸಲ ಮಂಡಿಯ ಪಟ್ಟಿ ಎಳೆಯುವ ನೆಪದಲ್ಲಿ ಉಸಿರು ಸುಧಾರಿಸುತ್ತಿದ್ದ. ಇಪ್ಪತ್ತೊಂದರಲ್ಲಿ ಸಕ್ಕರೆ ಕಾಯಿಲೆಯವನಿಗೆ ಸ್ವರ್ಣಲತಾ ಎರಡು ಖರ್ಜೂರ ತಿನ್ನಿಸಿದಳು, ಅದಕ್ಕೆ ರುವಿಯವರು ನಮಗೂ ಬೇಕೆಂದು ಗಲಾಟೆ ಮಾಡಿದರು, ಖರ್ಜೂರದ ಡಬ್ಬಿ ಬಲೆಯ ಕೆಳಗಿನಿಂದ ಆ ಕಡೆ ಹೋಗಿ ಖಾಲಿಯಾಗಿ ಬಂತು.

ಇಪ್ಪತ್ತನಾಲ್ಕು, ಇಪ್ಪತ್ತಮೂರು. ಮುಂದೆ ಇದ್ದದ್ದು ಕೊರಗಪ್ಪನ ಕಡೆ. ಒಂದು ಪಾಯಿಂಟು ಸಿಕ್ಕಿದರೆ ಕಪ್ಪು.

ಚೆಂಡು ಮೂರು ಸಲ ಬಲೆ ದಾಟಿತು, ಮೂರು ಸಲ ವಾಪಸು ಬಂತು. ನಾಲ್ಕನೆಯ ಸಲ ಕೊರಗಪ್ಪ ಓಡಿಹೋಗಿ, ಬೀಳುತ್ತಾ ಬೀಳುತ್ತಾ ಎತ್ತಿ ಕೊಟ್ಟ. ಮಮ್ಮದ್ ಹೊಡೆದ. ಜಲಾಲ್ ಎದುರು ಹಾರಿ ಕೈ ಒಡ್ಡಿದ. ಚೆಂಡು ಅವನ ಕೈಯ ಮೇಲಿಂದ ಹಾರಿ ಗೆರೆಯಿಂದ ಒಂದು ಗಜ ಆಚೆ ಬಿದ್ದಿತು. ನಿಶ್ಮಿತಾ ಕೈ ತೋರಿಸಿದಳು: ಔಟು, ರುವಿಗೆ ಪಾಯಿಂಟು, ಇಪ್ಪತ್ತನಾಲ್ಕು ಸಮ. ಗುಡ್ಡದ ಮೇಲೆ ಉಸ್ ಎಂಬ ಸದ್ದು. ಮಮ್ಮದ್ ಸೊಂಟಕ್ಕೆ ಕೈಯಿಟ್ಟು ಆಕಾಶ ನೋಡಿದ. ಕೊರಗಪ್ಪ ಮರಳಿನಲ್ಲಿ ಬಿದ್ದೇ ಇದ್ದ.

ನಮ್ಮ ಕಡೆಯ ಆಟದಲ್ಲಿ ಒಂದು ಕ್ರಮವುಂಟು. ಹೊರಗೆ ಹೋದ ಚೆಂಡು ದಾರಿಯಲ್ಲಿ ಯಾರ ಕೈಗಾದರೂ ತಾಗಿದ್ದರೆ, ರೆಫ್ರಿಗೆ ಕಾಣದಿದ್ದರೂ, ತಾಗಿದವನೇ ಕೈ ಎತ್ತಬೇಕು. ಎತ್ತದಿದ್ದರೆ ಯಾರೂ ಕೇಳುವುದಿಲ್ಲ. ಗದ್ದೆಯ ಆಟದಲ್ಲಿ ಎಲ್ಲರೂ ಎತ್ತುತ್ತಾರೆ, ಫೈನಲ್‌ಗಳಲ್ಲಿ ಎತ್ತಿದವರು ಕಡಿಮೆ.

ಜಲಾಲ್ ಮಂಡಿಯ ಪಟ್ಟಿ ಎಳೆದುಕೊಂಡ. ಬಲೆಯ ಹತ್ತಿರ ಬಂದ. ಬಲಗೈ ಎತ್ತಿ ಕಿರುಬೆರಳು ಅಲ್ಲಾಡಿಸಿದ.

“ತಾಗಿದೆ,” ಎಂದ.

“ಶೂರ್ ಅಂಕಲ್?” ನಿಶ್ಮಿತಾ ಬಗ್ಗಿ ಕೇಳಿದಳು. “ನನಗೆ ಕಾಣಲಿಲ್ಲ.”

“ಬೆರಳು ನಂದಲ್ವಾ ಮಗಾ? ಸೀಟಿ ಊದು.”

ಸೀಟಿ ಕೇಳಿತೋ ಇಲ್ಲವೋ, ಗುಡ್ಡದವರು ಇಳಿದು ಅಂಗಳ ತುಂಬಿದರು. ಮಮ್ಮದ್ ಕೊರಗಪ್ಪನನ್ನು ಮರಳಿನಿಂದ ಎತ್ತಿದ. ಎತ್ತಿದವನು ಇಳಿಸಲೇ ಇಲ್ಲ, ಹೆಗಲ ಮೇಲೆ ಹೊತ್ತುಕೊಂಡು ನಾಲ್ಕು ಹೆಜ್ಜೆ ನಡೆದು, “ಎಂತ ಭಾರ ಮಾರಾಯ್ರೆ, ಸುಳ್ಳೆಲ್ಲ ಹೊರಗೆ ಹಾಕಿದ್ರೂ ಇಷ್ಟು ಭಾರವಾ?” ಎಂದು ಕೆಳಗಿಟ್ಟ. ಕೊರಗಪ್ಪ ಮೈಮೇಲಿನ ಮರಳು ಕೊಡವಿದ. ಬಲೆಯ ಕೆಳಗೆ ನುಸುಳಿ ಜಲಾಲನ ಹತ್ತಿರ ಹೋದ.

“ಯಾಕೆ ಜಲಾಲ್ ಭಾಯ್? ಯಾರಿಗೂ ಕಂಡಿರ್ಲಿಲ್ಲ.”

“ನಿನಗೆ ಹೇಳ್ಲಿಕ್ಕೆ ಹತ್ತು ವರ್ಷ ಬೇಕಾಯ್ತು,” ಎಂದ ಜಲಾಲ್ ಬೆವರು ಒರೆಸುತ್ತಾ. “ನಾನು ಹತ್ತು ಸೆಕೆಂಡಲ್ಲಿ ಹೇಳಿದೆ. ಒಂದರಲ್ಲಾದ್ರೂ ನಿನ್ನನ್ನು ಸೋಲಿಸ್ಬೇಡ್ವಾ?”

ಸಾರಮ್ಮನ ಮಾಳಿಗೆಯಲ್ಲಿ ಎರಡೂ ಟೀಮಿಗೆ ಪತ್ತಿರ್, ಎರಡೂ ಟೀಮಿಗೆ ಕೋಳಿ ಸಾರು. ಸೋತವರಿಗೆ ಸಾರು ಬಡಿಸಿದ್ದು ಅವಳ ಇತಿಹಾಸದಲ್ಲೇ ಮೊದಲು. ಜಲಾಲ್ ಮೂರನೇ ಸಲ ಬಡಿಸಿಕೊಳ್ಳುವಾಗ, “ಬಿರಿಯಾನಿಯ ಲೆಕ್ಕ ಇದಕ್ಕೆ ಹಿಡೀಬೇಡಿ, ಅದು ಬೇರೆ,” ಎಂದಳು. ಕಪ್ಪನ್ನು ನಡುವೆ ಇಟ್ಟಿದ್ದರಿಂದ ಕೂರಲು ಜಾಗ ಇರಲಿಲ್ಲ. ಅದು ಇರಬೇಕಾದದ್ದು ಎಲ್ಲಿ ಎಂಬ ಜಗಳ ಅಲ್ಲೇ ಶುರುವಾಯಿತು. ಟೀಮು ಹುಟ್ಟಿದ್ದು ಇಲ್ಲಿ, ಮತ್ರಾದಲ್ಲೇ ಇರಲಿ ಎಂದು ಮಮ್ಮದ್. ಕೊನೆಯುಸಿರು ಬಿಟ್ಟದ್ದು ಬರ್ಕಾದಲ್ಲಿ ಎಂದು ಕೊರಗಪ್ಪ. ಆರಾರು ತಿಂಗಳು ಇಟ್ಟುಕೊಳ್ಳಿ ಎಂದು ಸ್ವರ್ಣಲತಾ ತೀರ್ಪು ಕೊಟ್ಟಳು. ಸಾರಮ್ಮ, “ಹಾಗಾದ್ರೆ ಮೊದಲು ಬರ್ಕಾಕ್ಕೆ ಹೋಗ್ಲಿ, ನನ್ನ ಮನೆಯಲ್ಲಿ ಮೊದಲು ಜಾಗ ಆಗ್ಬೇಕು,” ಎಂದು ಅದನ್ನು ಬಾಗಿಲಿನವರೆಗೆ ತಾನೇ ದೂಡಿದಳು.

ಕಾರಿನ ಹಿಂದಿನ ಸೀಟಿನಲ್ಲಿ ತೃಷಾಳ ಪಕ್ಕ ಕಪ್ಪು ಕೂತಿತು. ಅದಕ್ಕೂ ಬೆಲ್ಟು ಹಾಕಿದರು. ರಸ್ತೆಯ ದೀಪಗಳು ಹತ್ತಿದ್ದವು. ಕಾರು ಸೀಬ್ ದಾಟುವಾಗ ತೃಷಾ ಬುಡದ ತಗಡುಗಳನ್ನು ಒಂದೊಂದಾಗಿ ಬೆರಳಲ್ಲಿ ಸವರುತ್ತಾ ಕೇಳಿದಳು: “ಡ್ಯಾಡಿ, ಟ್ವೆಂಟಿ ಟ್ವೆಲ್ವ್‌ನ ಫೈನಲ್ ಹೇಗಿತ್ತು? ಫುಲ್ ಹೇಳಿ.”

“ಫುಲ್ಲಾ?”

“ಫುಲ್.”

ಕೊರಗಪ್ಪ ಕನ್ನಡಿಯಲ್ಲಿ ಮಗಳ ಮುಖ ನೋಡಿದ. ಅವಳು ಫೋನನ್ನು ಚೀಲಕ್ಕೆ ಹಾಕಿದ್ದಳು. ಎರಡು ಸಾವಿರದ ಹನ್ನೆರಡು ಹೇಳಬೇಕಾದರೆ ಅದಕ್ಕಿಂತ ಮೊದಲಿನದ್ದು ಹೇಳಬೇಕು, ಅದಕ್ಕಿಂತ ಮೊದಲು ಮಮ್ಮದ್ ಮತ್ರಾಕ್ಕೆ ಬಂದದ್ದು ಹೇಳಬೇಕು. ಅವನು ಮೂಲ್ಕಿಯಿಂದಲೇ ತೆಗೆದ. ವೀಸಾ ಬಂತು, ವಿಮಾನ ಹತ್ತಿದ್ದಾಯಿತು, ಮೊದಲ ಮೂಟೆ ಹೊತ್ತದ್ದಾಯಿತು. ಒಂದು ಕೈ ಸ್ಟೇರಿಂಗ್‌ನಲ್ಲಿ, ಇನ್ನೊಂದು ಕೈ ಗಾಳಿಯಲ್ಲಿ ಚೆಂಡು ಎತ್ತುತ್ತಿತ್ತು. ಬರ್ಕಾದ ತಿರುವು ಬಂತು, ಹಿಂದೆ ಹೋಯಿತು. ತಪ್ಪಿದ ತಿರುವನ್ನು ಸ್ವರ್ಣಲತಾ ನೋಡಿದಳು. ಸೀಟನ್ನು ಸ್ವಲ್ಪ ಹಿಂದಕ್ಕೆ ಒರಗಿಸಿಕೊಂಡಳು.